ಬೇಸಿಗೆಯ ಕಪ್ಪೆ, ಎರಡನೆಯ ಸಹಿ

ಮೊನ್ನೆ ಹಳೆಯ ಸೂಕ್ಷ್ಮದರ್ಶಕ ಬೇಕಾಗಿ ಕಾಲೇಜಿನ ಕಪಾಟು ತೆಗೆದೆ. ಫಾರ್ಮಲಿನ್ ವಾಸನೆ ಮೂಗಿಗೆ ಬಡಿದು ಕಣ್ಣಲ್ಲಿ ನೀರು ಬಂತು. ಹಿಂದಿನ ಸಾಲಿನಲ್ಲಿ ಅದೇ ಬಾಟಲಿ, ಅದರೊಳಗೆ ಅದೇ ಕಪ್ಪೆ... ಚೀಟಿಯ ಮೇಲೆ ನಮ್ಮ ಸರ್ ಅವರ ದುಂಡು ಅಕ್ಷರ: ‘ಹಮ್ಮಿಗಿ. ಬೇಸಿಗೆ. ಮಾತು ತಪ್ಪಿ ತಂದದ್ದು.’ ನೀರು ಬಂದದ್ದು ಬರೀ ವಾಸನೆಗಲ್ಲ, ಸುಳ್ಳು ಯಾಕೆ ಹೇಳಲಿ.

ಸರ್ ಗದಗಿನಲ್ಲಿ ನಮಗೆ ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು. ಅವರಿಗೆ ಒಂದೇ ಹುಚ್ಚು, ಕಪ್ಪೆಯ ಶ್ವಾಸಕೋಶದಲ್ಲಿ ಬದುಕುವ ಕೂದಲೆಳೆಯಂಥ ಹುಳು. ನಮ್ಮ ಕಡೆಯ ಕೆಲವು ಕಪ್ಪೆಗಳು ಮಳೆಗಾಲ ಮುಗಿದ ಮೇಲೆ ನೆಲದಲ್ಲಿ ಹೂತುಕೊಂಡು ತಿಂಗಳುಗಟ್ಟಲೆ ಏನೂ ತಿನ್ನದೆ ಮಲಗುತ್ತವೆ. ಆಗ ಒಳಗಿನ ಹುಳು ಸಾಯುತ್ತದೋ, ಬದುಕಿ ಸಂತಾನ ಬೆಳೆಸುತ್ತದೋ? ಇದು ಅವರ ಪ್ರಶ್ನೆ. ಮಳೆಗಾಲದ ಕಪ್ಪೆ ಬೇಕಾದಷ್ಟು. ಬೇಸಿಗೆಯದು ಸಿಗಬೇಕಲ್ಲ.

ಅದಕ್ಕಾಗಿ ಸರ್ ಮತ್ತು ನಾನು ಹಮ್ಮಿಗಿ ಊರಿಗೆ ಹೋದೆವು. ಹೊಳೆದಂಡೆಯ ಹೊಲದ ಒಬ್ಬ ಅಕ್ಕ, ಬೇಸಿಗೆಯಲ್ಲಿ ನೆಲ ಅಗೆಯುವಾಗ ಕಪ್ಪೆ ಎದ್ದರೆ ಫೋನ್ ಮಾಡುತ್ತೇನೆಂದಳು. ಆದರೆ ಒಂದು ಷರತ್ತು. ಅವರ ಮನೆತನದಲ್ಲಿ ಮಳೆಗೆ ಮುಂಚೆ ಎದ್ದ ಕಪ್ಪೆಯನ್ನು ಅದೇ ತಗ್ಗಿನಲ್ಲಿ ಮುಚ್ಚಿ, ಮೇಲೆ ಒಂದು ಕೊಡ ನೀರು ಹೊಯ್ಯುತ್ತಾರೆ.

“ಕಪ್ಪಿ ಸತ್ರ ಮಳಿ ದಾರಿ ತಪ್ಪತೈತ್ರಿ.”

ಸರ್ ನಗಲಿಲ್ಲ. “ಆತು, ಕೊಲ್ಲಂಗಿಲ್ಲ,” ಎಂದು ಮಾತು ಕೊಟ್ಟರು.

ಕೊಲ್ಲದೆ ನೋಡುವ ದಾರಿ ಅವರಿಗೆ ಗೊತ್ತಿತ್ತು. ಹುಳುವಿನ ಮರಿಗಳು ಕಪ್ಪೆಯ ಹೊಲಸಿನ ಜೊತೆ ಹೊರಬರುತ್ತವೆ. ಕಪ್ಪೆಯನ್ನು ಹಿಡಿದರೆ ಹೆದರಿ ಅಂಗೈ ಒದ್ದೆ ಮಾಡುತ್ತದೆ. ಕೆಳಗೊಂದು ಗಾಜು ಹಿಡಿದರಾಯಿತು. “ನಮಗ ಇದ ತೀರ್ಥ ನೋಡು ತಂಗಿ,” ಎನ್ನುತ್ತಿದ್ದರು. ಅವರ ನೋಟ್‌ಬುಕ್ಕಿನಲ್ಲಿ ಪ್ರತಿ ಪುಟಕ್ಕೂ ಎರಡು ಸಹಿ, ಒಂದು ನೋಡಿದವರದು, ಇನ್ನೊಂದು ಮತ್ತೆ ನೋಡಿ ಹೌದೆಂದವರದು.

ಮೊದಲ ಬೇಸಿಗೆಯಲ್ಲಿ ಫೋನ್ ಬಂದಾಗ ಸರ್ ಊರಲ್ಲಿರಲಿಲ್ಲ. ನಾನೊಬ್ಬಳೇ ಹೋದೆ. ಹನಿ ಬಂತು, ಮರಿ ಕಾಣಲಿಲ್ಲ. ನನಗೋ ಪ್ರಬಂಧ ಮುಗಿಸುವ ಆತುರ. ಅಕ್ಕ ನೀರು ತರಲು ಹೋದಾಗ ಕಪ್ಪೆಯನ್ನು ಡಬ್ಬಿಗೆ ಹಾಕಿಕೊಂಡು ಖಾಲಿ ತಗ್ಗು ಮುಚ್ಚಿದೆ. ಅವಳು ಬಂದು ಆ ಖಾಲಿ ತಗ್ಗಿನ ಮೇಲೆ ತುಂಬಿದ ಕೊಡ ಹೊಯ್ದು ಕೈಮುಗಿದಳು... ನಾನೂ ಪಕ್ಕದಲ್ಲಿ ಕೈಮುಗಿದುಕೊಂಡು ನಿಂತಿದ್ದೆ.

ಕೊಯ್ದು ನೋಡಿದರೆ ಶ್ವಾಸಕೋಶದಲ್ಲಿ ಎರಡು ಹುಳು, ಜೀವಂತ. ಹಿಗ್ಗಿ ಹೀರೇಕಾಯಿಯಾದೆ. ಮರುದಿನ ಸರ್ ಬಂದು ಬಹಳ ಹೊತ್ತು ನೋಡಿದರು.

“ಉತ್ತರ ಸಿಕ್ಕೈತಿ, ಖರೆ. ಆದ್ರ ಇದು ಕದ್ದದ್ದು, ತಂಗಿ.”

ಸಹಿ ಹಾಕಲಿಲ್ಲ. ನನ್ನನ್ನು ಕರೆದುಕೊಂಡು ಮುಂಡರಗಿ ಬಸ್ಸು ಹತ್ತಿದರು. ಅಕ್ಕನ ಮುಂದೆ ನಾನೇ ಬಾಯಿಬಿಟ್ಟು ಹೇಳಬೇಕಾಯಿತು. ಅವಳು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. “ಬರೀ ಮಣ್ಣಿಗೆ ಕೈ ಮುಗದ್ನೇನು ನಾನು?” ಎಂದಷ್ಟೇ ಕೇಳಿದಳು.

ಆಮೇಲೆ ಫೋನ್ ಬರಲಿಲ್ಲ. ಆದರೆ ಸರ್ ಬಿಡುವ ಆಸಾಮಿಯಲ್ಲ. ಪ್ರತಿ ಬೇಸಿಗೆ ಹಮ್ಮಿಗಿಗೆ ಹೋಗಿ, ಅವಳ ಕಟ್ಟೆಯ ಮೇಲೆ ಕುಳಿತು, ಮಜ್ಜಿಗೆ ಕುಡಿದು ಬರುತ್ತಿದ್ದರು. ಕಪ್ಪೆಯ ಮಾತು ಎತ್ತುತ್ತಿರಲಿಲ್ಲ. ನಿವೃತ್ತರಾದ ಮೇಲೂ ಹೋದರು, ಮಂಡಿ ಹಿಡಿದುಕೊಂಡಾಗಲೂ ಹೋದರು. ಸೊರಟೂರಿನಲ್ಲೋ ಸಿಂಗಟಾಲೂರಿನಲ್ಲೋ ಬೇರೆ ಯಾರನ್ನಾದರೂ ಕೇಳೋಣ ಸರ್ ಎಂದರೆ, “ಕೆಡಿಸಿದ್ದು ಇಲ್ಲಿ, ನೆಟ್ಟಗ ಮಾಡೂದೂ ಇಲ್ಲೇ,” ಎನ್ನುತ್ತಿದ್ದರು. ಹೋದ ಚಳಿಗಾಲದಲ್ಲಿ ತೀರಿಕೊಂಡರು.

ಮೊನ್ನೆ ನಾನು ಕಪಾಟು ತೆಗೆಯುವಂತಾದದ್ದು ಆ ಅಕ್ಕನ ಫೋನಿನಿಂದ.

“ಕಪ್ಪಿ ಎದ್ದೈತ್ರಿ. ಸರ್ ಫೋನ್ ಹತ್ತವಲ್ದು. ನಿಮ್ಮ ಸರ್‌ಗೆ ಜಲ್ದಿ ಬರಾಕ ಹೇಳ್ರಿ.”

ಸರ್ ಹೋಗಿಬಿಟ್ಟರು ಎಂದೆ. “ಹಂಗಾರ ನೀವು ಬರ್ರಿ,” ಎಂದಳು.

ಅಕ್ಕನ ಕೂದಲು ಬೆಳ್ಳಗಾಗಿತ್ತು. ಕಪ್ಪೆಯನ್ನು ಒದ್ದೆ ಗೋಣಿಚೀಲದಲ್ಲಿ ಇಟ್ಟಿದ್ದಳು. ಗಾಜಿನ ಮೇಲೆ ಒಂದೇ ಹನಿ ಬಿತ್ತು. ಬದುವಿನ ಮೇಲೆ ಸೂಕ್ಷ್ಮದರ್ಶಕ ಇಟ್ಟು, ಕನ್ನಡಿಯನ್ನು ಬೆಳಕಿಗೆ ತಿರುಗಿಸಿ ನೋಡಿದೆ. ಮೊದಲು ಏನೂ ಇಲ್ಲ. ಗಾಜನ್ನು ಮೆಲ್ಲಗೆ ಸರಿಸಿದೆ, ಮತ್ತೆ ಸರಿಸಿದೆ. ಅಂಚಿನಲ್ಲಿ ಒಂದು ಮರಿ ಹೊರಳುತ್ತಿತ್ತು.

ಕಪ್ಪೆಯನ್ನು ಅವಳ ಕಣ್ಣೆದುರಿಗೇ ತಗ್ಗಿನಲ್ಲಿಟ್ಟು ಮುಚ್ಚಿದೆ. ಈ ಸಲ ಕೊಡ ನಾನೇ ಹೊತ್ತು ತಂದೆ. ಅಕ್ಕ ಬೆರಳಿನಿಂದ ಮಣ್ಣು ಸರಿಸಿ, ಕಪ್ಪೆ ಅಲ್ಲೇ ಇದೆಯೇ ಎಂದು ನೋಡಿಕೊಂಡಳು. ನೋಡಲಿ, ಅದು ಅವಳ ಹಕ್ಕು. ಆಮೇಲೆ ನೀರು ಹೊಯ್ದಳು.

ಕಪಾಟಿನಲ್ಲೇ ಸಿಕ್ಕ ಸರ್ ಅವರ ನೋಟ್‌ಬುಕ್ಕಿನಲ್ಲಿ ಕಂಡದ್ದನ್ನು ಬರೆದು ನನ್ನ ಸಹಿ ಹಾಕಿದೆ. ಎರಡನೆಯ ಸಹಿಯ ಜಾಗಕ್ಕೆ ಬಂದಾಗ ಕೈ ನಿಂತಿತು. ಇಷ್ಟು ಬೇಸಿಗೆ ಕಾದವರು ಇನ್ನೊಂದು ಬೇಸಿಗೆ ಇರಬಾರದಿತ್ತೇ... ತುಂಬಾ ಸಂಕಟವಾಯಿತು.

ಅಕ್ಕ ಬಗ್ಗಿ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದಳು. “ಹೌದ್ರಿ, ಜೀವ ಐತಿ,” ಎಂದಳು.

ಪೆನ್ನನ್ನು ಅವಳ ಕೈಗೆ ಕೊಟ್ಟೆ. ಬೆರಳಿನ ಕೆಸರನ್ನು ಸೆರಗಿಗೆ ಒರೆಸಿಕೊಂಡು, ಸರ್ ಸಹಿ ಹಾಕುತ್ತಿದ್ದ ಜಾಗದಲ್ಲಿ ಒಂದೊಂದೇ ಅಕ್ಷರ ಕೂಡಿಸಿ ತನ್ನ ಹೆಸರು ಬರೆದಳು.