ಅಮೀನನ ಸೀಮೆಸುಣ್ಣ

ವಿಚ್ಛೇದನಕ್ಕೆ ನಿಂತ ಗಂಡ ಹೆಂಡತಿ ಮನೆ ಸಾಮಾನಿಗೂ ಕಿತ್ತಾಡತೊಡಗಿದರೆ, ಕೋರ್ಟಿನ ಅಮೀನ ಆ ಮನೆಗೆ ಹೋಗಿ ಒಂದೊಂದು ಸಾಮಾನಿನ ಮೇಲೂ ಸೀಮೆಸುಣ್ಣದ ಗುರುತು ಹಾಕುತ್ತಿದ್ದ. ಹೆಂಡತಿ ಕೇಳಿದ್ದಕ್ಕೆ ಸೊನ್ನೆ, ಗಂಡ ಕೇಳಿದ್ದಕ್ಕೆ ಗೀಟು. ಇಬ್ಬರೂ ಕೇಳಿದ್ದಕ್ಕೆ ಎರಡೂ. ಅದನ್ನು ಜಡ್ಜ್ ತೀರ್ಮಾನಿಸಬೇಕು. ಈ ಕೆಲಸದಲ್ಲೇ ಅವನ ತಲೆ ನೆರೆತಿತ್ತು.

ಅಂದು ಹೋದ ಮನೆಯಲ್ಲಿ ಮಿಕ್ಸಿಯ ಹತ್ತಿರ ಬರುತ್ತಲೇ ಇಬ್ಬರೂ ಹಾವು ಮುಂಗುಸಿಯಾದರು.

"ಜಾರ್ ನಮ್ಮಮ್ಮ ಕೊಡ್ಸಿದ್ದು," ಎಂದಳು ಹೆಂಡತಿ.

"ಮೋಟಾರು ಹಾಕ್ಸಿದ್ದು ನಾನು," ಎಂದ ಗಂಡ.

"ಬರೀ ಮೋಟಾರಲ್ಲಿ ಏನ್ ರುಬ್ತೀಯ, ನಿನ್ನ ತಲೆನಾ?"

ಓದಿದವರು, ಕೈತುಂಬ ಸಂಬಳದವರು. ಥೂ, ಎಂದು ಮನಸ್ಸಿನಲ್ಲೇ ಉಗಿದು ಅಮೀನ ಜಾರ್ ಮೇಲೆ ಸೊನ್ನೆ, ಮೋಟಾರಿನ ಮೇಲೆ ಗೀಟು ಎಳೆದ. ಕಾಲೊರೆಸುವ ಚಿಂದಿಗೂ ಎರಡೂ ಗುರುತು ಬಿದ್ದವು. ಅವರು ಕೊಟ್ಟ ನೀರನ್ನೂ ಮುಟ್ಟದೆ ಎದ್ದು ಬಂದ.

ತನ್ನ ಮನೆಗೆ ಬಂದಾಗ ಅವನ ಹೆಂಡತಿ ಕಾಫಿ ತಂದುಕೊಟ್ಟಳು. "ಯಾಕ್ರೀ, ಮುಖ ಹಿಂಗಿದೆ?"

"ಮನುಷ್ಯರೇನೇ ಅವರು! ನೆನೆಸ್ಕೊಂಡ್ರೆ ವಾಕರಿಕೆ ಬರುತ್ತೆ."

ಅವಳು ಎದುರಿನ ಮಂಚದ ಮೇಲೆ ಕುಳಿತಳು. ಮಂಚ ಅವಳ ತವರಿನದು, ಸೊನ್ನೆ. ಟೀವಿ ತಾನು ತಂದದ್ದು, ಗೀಟು. ಬೀರುವಿಗೆ ಇಬ್ಬರೂ ದುಡ್ಡು ಹಾಕಿದ್ದರು, ಎರಡೂ. ಆದರೆ ಬೀರುವನ್ನು ಮಾತ್ರ ಸುತರಾಂ ಬಿಟ್ಟುಕೊಡಬಾರದು ಎಂದುಕೊಂಡವನಿಗೆ, ತಾನು ಮಾಡುತ್ತಿರುವುದೇನೆಂದು ತಟ್ಟನೆ ಹೊಳೆಯಿತು.

"ಥೂ!" ಎಂದ. ಈ ಸಲ ಅದು ಬಾಯಿಂದಲೇ ಬಂತು.

ಹೆಂಡತಿ ಗಾಬರಿಯಾಗಿ ಕೇಳಿದಳು: "ಕಾಫಿ ಅಷ್ಟೊಂದು ಕೆಟ್ಟದಾಗಿದ್ಯೇನ್ರೀ?"