ಒಬ್ಬರ ಮುಂದೆ ನಿಲ್ಲದವರು

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ನಾನು ಪೀಣ್ಯದ ನಮ್ಮ ಕಾರ್ಖಾನೆಯ ಆಫೀಸಿನಲ್ಲಿ, ಕಂಪನಿಯ ವೆಬ್‌ಸೈಟ್ ನಡೆಸುವ ಸರ್ವರ್ ಕಂಪ್ಯೂಟರನ್ನು ನೋಡಿಕೊಳ್ಳುತ್ತಿದ್ದ ಮೇಡಂ ಕುರ್ಚಿಯ ಹಿಂದೆ ನಿಂತಿದ್ದೆ. ಎದುರಿನ ಪೇಂಟ್ ಶೆಡ್ಡಿಗೆ ಬೆಂಕಿ ಬಿದ್ದಿತ್ತು. ಹೊರಬಂದವರ ಹೆಸರುಗಳನ್ನು ಕಂಪನಿಯ ವೆಬ್‌ಸೈಟಿಗೆ ಹಾಕುತ್ತಿದ್ದರು. ಕೆಲಸಗಾರರ ಮನೆಯವರೆಲ್ಲ ಒಟ್ಟಿಗೆ ನೋಡಲು ಬಂದದ್ದರಿಂದ ಪುಟ ಯಾರಿಗೂ ತೆರೆಯುತ್ತಿರಲಿಲ್ಲ. ನನ್ನ ಹೆಂಡತಿ ಆ ಶೆಡ್ಡಿನಲ್ಲಿ ಕೆಲಸಕ್ಕಿದ್ದಳು.

ಮೇಡಂ ಹುಬ್ಬಳ್ಳಿ ಕಡೆಯವರು. ಏನಾದರೂ ವಿವರಿಸುವಾಗ ಕನ್ನಡಕವನ್ನು ಹಣೆಗೇರಿಸುತ್ತಿದ್ದರು. ಹಳೆಯ ಸರ್ವರ್ ಬಂದವರಿಗೆಲ್ಲ ಒಬ್ಬೊಬ್ಬ ಆಳನ್ನು ಕೊಡುತ್ತದೆ, ನೆಟ್‌ವರ್ಕ್ ನಿಧಾನವಿದ್ದವರ ಮುಂದೆ ಆ ಆಳು ಸುಮ್ಮನೆ ನಿಂತಿರುತ್ತಾನೆ, ಕೊನೆಗೆ ಆಳುಗಳೇ ಸಾಲುವುದಿಲ್ಲ ಎಂದು ಹಿಂದೊಮ್ಮೆ ಹೇಳಿದ್ದರು. ಹಗುರವಾದ ಸರ್ವರಿನಲ್ಲಿ ಒಬ್ಬನೇ ಆಳು ಎಲ್ಲರ ಬಳಿಯೂ ಸುತ್ತುತ್ತ, ಕೈಚಾಚಿದವರಿಗೆ ಅಷ್ಟಷ್ಟು ಕೊಟ್ಟು ಮುಂದೆ ಹೋಗುತ್ತಾನಂತೆ. “ಒಬ್ಬರ ಮುಂದ ನಿಂದ್ರಬಾರದ್ರಿ” ಎನ್ನುವುದು ಅವರ ಮಾತು. ಅಂದು ಹಳೆಯ ಸರ್ವರಿನ ಮುಂದೆ ಅಂಥ ಹಗುರವಾದದ್ದೊಂದನ್ನು ಕೂರಿಸುತ್ತಿದ್ದರು.

“ಮೇಡಂ, ಪಟ್ಟಿ ನಿಮ್ಮ ಹತ್ರಾನೇ ಇದ್ಯಲ್ಲ, ಒಂದೇ ಒಂದ್ ಹೆಸರು ನೋಡ್ಬಿಡಿ” ಎಂದೆ.

ಅವರು ತಿರುಗಲಿಲ್ಲ. “ನಿಮ್ಮೊಬ್ಬರಿಗೆ ನೋಡಿದ್ರ ಹೊರಗ ಕಾಯೋ ಮನಿಯವರೆಲ್ಲ ಅಲ್ಲೇ ಉಳೀತಾರ್ರಿ. ಫೋನ್ ಹಿಡಕೊಂಡು ನಿಂದರ್ರಿ.”

ನಾಲ್ಕು ನಿಮಿಷಕ್ಕೆ ನನ್ನ ಫೋನಿನಲ್ಲಿ ಪುಟ ತೆರೆಯಿತು. ಹೆಂಡತಿಯ ಹೆಸರು ಇತ್ತು. ಅದನ್ನು ಹೇಳಿದ ಮೇಲೆ ಮೇಡಂ ಬ್ಯಾಗಿನಿಂದ ಮೊಬೈಲ್ ತೆಗೆದರು. ಅವರ ಒಡಹುಟ್ಟಿದ ತಮ್ಮನೂ ಆ ಶೆಡ್ಡಿನಲ್ಲೇ ಇದ್ದನೆಂಬುದು ನನಗೆ ಗೊತ್ತಿರಲಿಲ್ಲ. ಎಲ್ಲರಂತೆ ಅದೇ ಪುಟದಲ್ಲಿ, ಬೆರಳಿನಿಂದ ಸರಿಸುತ್ತ, ಅವನ ಹೆಸರು ಹುಡುಕಿದರು. ಸಿಕ್ಕಿತು.

ಮೇಡಂ ಈಗಿಲ್ಲ. ನನ್ನ ಜೊತೆ ಇದನ್ನು ಕಂಡವರು ಆಫೀಸಿಗೆ ಟೀ ತರುತ್ತಿದ್ದ ಮುನಿಯಮ್ಮ. ಅವರು ನಾಗಸಂದ್ರದಲ್ಲಿದ್ದಾರೆ.