ಮಕ್ಕಳು ಆರಾಮ ಇದ್ದಾವೆ ಎಂದು ಹೇಳುವವರು

ಶಾಲೆಗೆ ರಜೆ ಇದ್ದ ದಿನ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಹೊತ್ತು ಇಷ್ಟು ನಿಖರವಾಗಿ ನೆನಪಿರಲು ಕಾರಣವಿದೆ. ಆಗಷ್ಟೇ ಗಡಿಯಾರ ನೋಡಿ, ಇನ್ನೂ ಅರ್ಧ ತಾಸು ಮಲಗಬಹುದು ಎಂದು ಚಾಪೆಯ ಮೇಲೆ ಒರಗಿದ್ದೆ. ಆಳಂದದ ನಮ್ಮ ಮನೆಯ ಅಂಗಳದಲ್ಲಿ ಅತ್ತೆ ಮೊರ ಹಿಡಿದು ತೊಗರಿ ಹಸನು ಮಾಡುತ್ತಿದ್ದರು. ಎದುರಿಗೆ ನನ್ನ ಇಬ್ಬರು ಮಕ್ಕಳು ಕೂತಿದ್ದರು: ಎರಡನೇ ಇಯತ್ತೆಯ ಮಗ, ಇನ್ನೂ ಶಾಲೆಯ ಮೆಟ್ಟಿಲು ಹತ್ತದ ಮಗಳು. ಮಗ ಅಲ್ಲಿಂದಲೇ ಕೂಗಿದ.

“ಮಮ್ಮಿ, ತಂಗಿ ಮೂಗಿನಾಗ ತೊಗರಿ ಬಿತ್ಯಾಳ!”

ನನಗೆ ಮೊದಲು ನಗು ಬಂತು. ಆಮೇಲೆ ನಾನು ಬಿಎಸ್ಸಿ ಓದಿದ್ದು ನೆನಪಾಯಿತು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು ನಾನು. ಒದ್ದೆ ಅರಳೆಯ ಮೇಲೆ ಕಾಳಿಟ್ಟು, ಅದು ನೀರು ಹೀರಿ ಉಬ್ಬುವುದನ್ನು ಪ್ರತಿವರ್ಷ ಮಕ್ಕಳಿಗೆ ತೋರಿಸುತ್ತೇನೆ. ಮೂಗಿನ ಒಳಗೂ ಒದ್ದೆಯೇ.

ನಾನು ಅಂಗಳಕ್ಕೆ ಓಡಿ ಬರುವಷ್ಟರಲ್ಲಿ ಅತ್ತೆ ಸೊಂಟದ ಸಂಚಿಯಿಂದ ನಶ್ಯದ ಡಬ್ಬಿ ತೆಗೆದಿದ್ದರು.

“ಅಂಜಬ್ಯಾಡ ಬೇ. ಒಂದ ಚಿಟಿಕಿ ಏರಿಸಿದ್ರ ಒಂದ ಸೀನಿಗೆ ಕಾಳು ರಸ್ತೆದಾಗ ಬೀಳ್ತದ.”

“ಬ್ಯಾಡ್ರಿ ಅತ್ತಿ, ಬ್ಯಾಡ್ರಿ!”

ಚಿಟಿಕೆ ಆಗಲೇ ಮೂಗು ಮುಟ್ಟಿತ್ತು. ಸೀನುವ ಮೊದಲು ಮನುಷ್ಯ ಉಸಿರನ್ನು ಜೋರಾಗಿ ಒಳಗೆ ಎಳೆದುಕೊಳ್ಳುತ್ತಾನೆ. ಮಗಳು ಎಳೆದುಕೊಂಡಳು. ಮೂಗಿನಲ್ಲಿ ಕಾಣುತ್ತಿದ್ದ ಕಾಳು ಕಾಣದಾಯಿತು. ಸೀನು ಬರಲಿಲ್ಲ, ಕೆಮ್ಮು ಬಂತು. ಎರಡು ಕೆಮ್ಮಿನ ನಡುವೆ ಎದೆಯೊಳಗಿಂದ ಜಾತ್ರೆಯ ಪೀಪಿಯಂಥ ಸಣ್ಣ ಸೀಟಿ ಕೇಳಿಸತೊಡಗಿತು. ತುಟಿ ನೇರಳೆ ಹಣ್ಣು ತಿಂದವರ ತುಟಿಯಂತಾಯಿತು. ಅವಳು ನೇರಳೆ ತಿಂದಿರಲಿಲ್ಲ.

ನನ್ನ ಗಂಡ ದಾಲ್ ಮಿಲ್ಲಿನಲ್ಲಿ ಮೇಲ್ವಿಚಾರಕ. ಸುತ್ತಲಿನ ಹಳ್ಳಿಗಳ ತೊಗರಿಯನ್ನೆಲ್ಲ ಒಡೆಸಿ ಬೇಳೆ ಮಾಡಿಸುವ ಮನುಷ್ಯ, ಒಂದೇ ಒಂದು ಕಾಳಿನ ಸುದ್ದಿಗೆ ಬೆವತು, ಮಾಲೀಕರ ಕಾರು ತಂದು ಬಾಗಿಲಿಗೆ ನಿಲ್ಲಿಸಿದರು. ಕಲಬುರಗಿ ರಸ್ತೆಯಲ್ಲಿ ನಮ್ಮ ಮುಂದೆ ಕಬ್ಬಿನ ಟ್ರ್ಯಾಕ್ಟರು, ಅದಕ್ಕೆ ಎರಡು ಟ್ರೇಲರು. ಡ್ರೈವರು ಹಾಡಿನ ಡೆಕ್ಕು ಜೋರಾಗಿ ಹಚ್ಚಿದ್ದ. ನಮ್ಮ ಹಾರ್ನು ಅವನ ಹಾಡಿಗೆ ತಾಳ ಹಾಕಿದಂತಾಗುತ್ತಿತ್ತೇ ಹೊರತು ದಾರಿ ಬಿಡಿಸುತ್ತಿರಲಿಲ್ಲ. ನಾನು ತೊಡೆಯ ಮೇಲಿದ್ದ ಮಗಳ ಎದೆಗೆ ಕಿವಿಯಿಟ್ಟಿದ್ದೆ. ಸೀಟಿ ಕೇಳಿದರೆ ಹೆದರಿಕೆ, ಕೇಳದಿದ್ದರೆ ಇನ್ನೂ ಹೆದರಿಕೆ. ಈಗಲೂ ರಸ್ತೆಯಲ್ಲಿ ಕಬ್ಬಿನ ಗಾಡಿ ಕಂಡರೆ ನನ್ನ ಕಿವಿ ತಾನಾಗಿಯೇ ಆ ಸೀಟಿಯನ್ನು ಹುಡುಕುತ್ತದೆ.

ಆಸ್ಪತ್ರೆಯಲ್ಲಿ ಮಗಳನ್ನು ನನ್ನ ಕೈಯಿಂದ ಕಸಿದುಕೊಂಡಂತೆ ಒಳಗೆ ಒಯ್ದರು. ಕೌಂಟರಿನಲ್ಲಿದ್ದ ಹೆಣ್ಣುಮಗಳು ಗಂಡನನ್ನು ಕೇಳಿದಳು.

“ಇನ್ಶೂರೆನ್ಸ್ ಅದ ಏನ್ರಿ?”

“ಅದರಿ,” ಅಂದರು ಗಂಡ. “ಗಾಡಿದು ಅದ. ಮೊನ್ನೆನ ಕಟ್ಟೇನಿ.”

ಆಕೆ ನಗಲಿಲ್ಲ. ನಾನೂ ಆಗ ನಗಲಿಲ್ಲ. ಆದರೆ ಆ ಉತ್ತರ ನನ್ನೊಳಗೆ ಇನ್ನೊಂದು ಕಾಳಿನಂತೆ ಉಳಿಯಿತು. ಮನೆಯಲ್ಲಿ ನಿಂತಿದ್ದ ನಮ್ಮ ಹಳೆಯ ಬೈಕಿಗೆ ವಿಮೆ ಇತ್ತು. ಮಿಲ್ಲಿನ ಮೋಟಾರಿಗೆ ಇತ್ತು. ಹೊಲದ ತೊಗರಿಗೂ ಇತ್ತು. ಆ ತೊಗರಿಯನ್ನು ಎದೆಯೊಳಗೆ ಇಟ್ಟುಕೊಂಡು ಮಲಗಿದ್ದವಳಿಗೆ ಇರಲಿಲ್ಲ.

ಮಂಪರಿನ ಮದ್ದು ಕೊಟ್ಟು, ಗಂಟಲಿನಿಂದ ನಳಿಗೆ ಇಳಿಸಿ ಕಾಳನ್ನು ತೆಗೆದರು. ಡಾಕ್ಟರು ಅದನ್ನು ಸಣ್ಣ ಶೀಶೆಯಲ್ಲಿ ಹಾಕಿ ತಂದು ತೋರಿಸಿದರು. ಉಬ್ಬಿ, ಸಿಪ್ಪೆ ಬಿರಿದಿತ್ತು. ಗಂಡ ಶೀಶೆಯನ್ನು ಬೆಳಕಿಗೆ ಹಿಡಿದು ನೋಡಿ, “ಮಾಲು ಚಲೋ ಅದರಿ,” ಅಂದರು. ಹಾಗೆಂದವರೇ ಅಲ್ಲಿದ್ದ ಬೆಂಚಿನ ಮೇಲೆ ಕೂತು ಅಳತೊಡಗಿದರು.

ಮಗಳು ಮನೆಗೆ ಬಂದ ದಿನದಿಂದಲೇ ಗಾಢವಾಗಿ ನಿದ್ದೆ ಮಾಡಿದಳು. ನಿದ್ದೆ ಹೋದದ್ದು ನಮ್ಮದು. ನಾನು ಅವಳ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುತ್ತಿದ್ದೆ. ನಾನು ಬೆರಳು ತೆಗೆದೊಡನೆ ಗಂಡ ಇಡುತ್ತಿದ್ದರು. ಒಮ್ಮೆ ಇಬ್ಬರ ಬೆರಳೂ ಒಟ್ಟಿಗೆ ಹೋಗಿ, ಆಕೆ ಎದ್ದು, “ನನಗ ಮಲಗಗೊಡ್ರಿ” ಎಂದು ನಮ್ಮಿಬ್ಬರನ್ನೂ ಬೈದಳು. ಹಗಲಿನಲ್ಲಿ ನನ್ನ ಕಣ್ಣಿಗೆ ಜಗತ್ತು ಎರಡೇ ಭಾಗವಾಗಿತ್ತು: ಮೂಗಿನಲ್ಲಿ ಹೋಗುವಂಥದ್ದು, ಮೂಗಿನಲ್ಲಿ ಹೋಗದಂಥದ್ದು. ಶೇಂಗಾ, ಕಡಲೆ, ಅಂಗಿಯ ಗುಂಡಿ ಎಲ್ಲವೂ ಅಟ್ಟ ಸೇರಿದವು. ಮಗ ಕುಂಬಳಕಾಯಿಯನ್ನು ಎತ್ತಿ ತಂದು, “ಮಮ್ಮಿ, ಇದನ್ನ ಕೆಳಗ ಇಡಬಹುದಾ?” ಎಂದು ಕೇಳಿದ.

ಆಗ ನಾನು ತಮ್ಮನಿಗೆ ಫೋನ್ ಮಾಡಿದೆ. ನನ್ನ ತವರು ಭೀಮಾ ದಂಡೆಯ ಮಣ್ಣೂರ. ತಮ್ಮ ಅಫಜಲಪುರದಲ್ಲಿ ಮನೆ ಮಾಡಿದ್ದಾನೆ. ಮೊದಲು ಪಂಪ್‌ಸೆಟ್ ಮಾರುತ್ತಿದ್ದ, ನಂತರ ನೀರಿನ ಫಿಲ್ಟರ್, ಈಗ ಆರೋಗ್ಯ ವಿಮೆ. ಫೋನ್ ಇಟ್ಟ ಮರುದಿನವೇ ಚೀಲ ಹೆಗಲಿಗೇರಿಸಿ ಬಂದ. ಗಂಡ ಮೊದಲ ಪ್ರಶ್ನೆ ಹಾಕಿದರು.

“ಸರ್ಕಾರದ ಕಾರ್ಡು ಅದ ಅಲ್ಲೋ ಅಳ್ಯಾ? ಮತ್ತ ಇದ್ಯಾಕ?”

“ಅದು ಇರ್ಲಿ ಮಾವಾ. ಅದರ ಜೋಡಿಗೆ ಇದು. ಅವಸರದಾಗ ಎದುರಿಗೆ ಯಾವ ದವಾಖಾನಿ ಕಂಡ್ರ ಅಲ್ಲಿ ಹೋಗ್ತೀರಿ. ಎಲ್ಲಾ ಕಡೆ ಆ ಕಾರ್ಡು ನಡೆಯಂಗಿಲ್ಲ. ಆಗ ಇದು ಕೈ ಹಿಡಿತದ.”

“ಮಕ್ಕಳಿಗಿ ಏನೂ ಆಗಲಿಲ್ಲ ಅಂದ್ರ? ಕಟ್ಟಿದ್ದು ನೀರಾಗ ಹೋದಂಗ ಅಲ್ಲ?”

“ಅಂದ್ರ ಏನರ ಆಗಬೇಕು ಅಂತೀರೇನು?” ಎಂದೆ ನಾನು.

ಬಾಗಿಲಲ್ಲಿ ಕೂತಿದ್ದ ಅತ್ತೆ ಗುಡುಗಿದರು. “ಬಿಡ್ತು ಅನ್ನು!”

ನಾನು ಬಿಡ್ತು ಅಂದೆ. ಗಂಡನೂ ಅಂದರು. ತಮ್ಮ ಗಂಟಲು ಸರಿಮಾಡಿಕೊಂಡು ವಿವರಿಸಲು ಹೊರಟ.

“ನೋಡ್ರಿ ಅತ್ತಿ, ನಾಳಿ ಬರಬಾರದು ಬಂತು ಅಂತ ಇಟ್ಕೊಳ್ರಿ...”

“ಯಾಕ ಇಟ್ಕೋಬೇಕು? ಬಿಡ್ತು ಅನ್ನು.”

“ಬಿಡ್ತು. ಒಂದ ವ್ಯಾಳ್ಯಾ ಜ್ವರ ಬಂದು ಎಡ್ಮಿಟ್ ಮಾಡಿದ್ರ...”

“ಬಿಡ್ತು ಅನ್ನು.”

“ಬಿಡ್ತು ಬಿಡ್ತು. ಆಪರೇಶನ್...”

“ಅನ್ನಲೇ ಮೊದಲ!”

ಪಂಪ್‌ಸೆಟ್ಟಾದರೆ ಸುಟ್ಟುಹೋಗುತ್ತದೆ ಎಂದು ಧೈರ್ಯವಾಗಿ ಹೇಳಬಹುದು. ರೋಗದ ಹೆಸರೆತ್ತದೆ ರೋಗದ ವಿಮೆ ಮಾರುವ ವಿದ್ಯೆಯನ್ನು ತಮ್ಮನಿಗೆ ಯಾರೂ ಕಲಿಸಿರಲಿಲ್ಲ. ಚಹಾ ಆರಿತು. ಅತ್ತೆ ಕೊನೆಗೆ ತಮ್ಮ ತೀರ್ಪು ಕೊಟ್ಟರು.

“ಬಾಜಾದವ್ರಿಗಿ ಮುಂಗಡ ಕೊಡ್ತಾರ. ಕೊಟ್ಟ ಮ್ಯಾಲ ಅವ್ರು ಬರೂದು ಬಿಡ್ತಾರೇನು? ರೋಗಕ್ಕ ಮುಂಗಡ ಕೊಟ್ರ ಅದೂ ಡೋಲು ಬಡ್ಕೋತ ಬರ್ತದ. ಅದ್ರಾಗ ಮಾರಾಂವ ಯಾರು? ಇವನ ಫಿಲ್ಟರಿನ ನೀರು ಕುಡದ ನನ್ನ ಮಗನ ಹೊಟ್ಟಿ ಕೆಟ್ಟಿತ್ತು.”

“ಅತ್ತಿ, ಅವತ್ತ ಮಾವ ಹನ್ನೊಂದು ಮಿರ್ಚಿ ತಿಂದಿದ್ರು,” ಎಂದ ತಮ್ಮ.

ಗಂಡ ಇತ್ತ ನನ್ನನ್ನು, ಅತ್ತ ತಾಯಿಯನ್ನು ನೋಡಿ, “ವಿಚಾರ ಮಾಡೋಣ” ಅಂದರು. ನಮ್ಮ ಮನೆಯಲ್ಲಿ ವಿಚಾರ ಮಾಡೋಣ ಅಂದರೆ ಬೇಡ ಎಂದರ್ಥ. ನಾನು ಅಂದು ಅಡುಗೆಮನೆಯಲ್ಲಿ ನಿಂತು ಗಂಡನಿಗೆ ಒಂದೇ ಮಾತು ಹೇಳಿದೆ. “ಆ ಕೌಂಟರಿನ ಮುಂದ ನಿಂತು ಇನ್ನೊಮ್ಮೆ ಗಾಡಿದು ಅದ ಅಂತ ಹೇಳಾಕ ನನ್ನ ಕಡೆ ಆಗೂದಿಲ್ಲ.” ಅವರು ಹೋಗಿ ಸಹಿ ಹಾಕಿದರು. ತೊಗರಿಯ ಸಂಗತಿಯನ್ನೂ ಮುಚ್ಚಿಡದೆ ಬರೆಸಿದೆವು. ಕಂಪನಿಯವರು ಒಮ್ಮೆ ಫೋನ್ ಮಾಡಿ ವಿಚಾರಿಸುತ್ತಾರೆ, ಆಮೇಲೆ ಮುಗಿಯಿತು ಎಂದ ತಮ್ಮ.

ಫೋನ್ ಬಂದದ್ದು ನಾನು ಅದನ್ನು ಮನೆಯಲ್ಲೇ ಮರೆತು ಶಾಲೆಗೆ ಹೋದ ದಿನ. ಸಂಜೆ ಬಂದಾಗ ಅತ್ತೆಯ ಮುಖದಲ್ಲಿ ಗೆದ್ದವರ ಕಳೆ ಇತ್ತು.

“ಬೆಂಗಳೂರಿಂದ ಒಬ್ಬಾಕಿ ಹುಡುಗಿ ಮಾತಾಡಿದ್ಲು. ಮಕ್ಕಳು ಹ್ಯಾಂಗ ಅವ, ಉಣ್ತಾವೇನು, ಆಡ್ತಾವೇನು ಅಂತ ಬಿಡದ ಕೇಳಿದ್ಲು. ನಾ ಏನ್ ಕೂಸಾ? ಗುರ್ತಿಲ್ಲ, ಪರಿಚಯ ಇಲ್ಲ, ಆಕಿ ಕಣ್ಣು ಹ್ಯಾಂಗದನೋ ಏನೋ.”

“ಏನಂದ್ರಿ ಅತ್ತಿ?” ಹೆಗಲ ಚೀಲವನ್ನೂ ಇಳಿಸದೆ ಕೇಳಿದೆ.

“ಎಲ್ಲಿ ಆರಾಮ ಯವ್ವಾ ಅಂದೆ. ಹುಡುಗ ಒಣಗಿ ಕಡ್ಡಿ ಆಗ್ಯಾನ, ಒಂದ ತುತ್ತು ಒಳಗ ಹೋಗಂಗಿಲ್ಲ ಅಂದೆ. ಹುಡುಗಿದಂತೂ ಕೇಳಬ್ಯಾಡ, ಹುಟ್ಟಿದಾಗಿಂದ ಹಾಸಿಗಿ ಬಿಟ್ಟು ಎದ್ದಿಲ್ಲ ಅಂದೆ.”

ಒಣಗಿ ಕಡ್ಡಿಯಾದವನು ಪಕ್ಕದಲ್ಲಿ ಕೂತು ಮೂರನೇ ರೊಟ್ಟಿಗೆ ಕೈ ಹಾಕಿದ್ದ. ಹಾಸಿಗೆ ಬಿಟ್ಟು ಏಳದವಳು ಬೇವಿನ ಗಿಡದ ಕೊಂಬೆಗೆ ಜೋತುಬಿದ್ದಿದ್ದಳು.

ಅತ್ತೆಯನ್ನು ಹೇಗೆ ಬೈಯಲಿ? ನಮ್ಮ ಕಡೆ ಪರರ ಮುಂದೆ ಮಗು ಚೆನ್ನಾಗಿದೆ ಅನ್ನುವವರು ಯಾರಿದ್ದಾರೆ? ನಿಮ್ಮ ಮಗ ಮೈಕೈ ತುಂಬಿಕೊಂಡಿದ್ದಾನೆ ಎಂದು ಶಾಲೆಯಲ್ಲಿ ಯಾರಾದರೂ ಅಂದರೆ, ನಾನೇ, ಅಷ್ಟೆಲ್ಲ ವಿಜ್ಞಾನ ಓದಿದವಳು, “ಎಲ್ಲಿರಿ, ಊಟನ ಮಾಡಂಗಿಲ್ಲ” ಎಂದುಬಿಡುತ್ತೇನೆ. ದೃಷ್ಟಿಗೆ ಸಿಗದಂತೆ ಮಕ್ಕಳನ್ನು ಮಾತಿನ ಹರಕು ಅಂಗಿಯಲ್ಲಿ ಮುಚ್ಚಿಡುವುದು ನಮ್ಮ ಹಳೆಯ ವಿಮೆ. ಅದು ಹೊಸ ವಿಮೆಯ ಕಾಲಿಗೆ ತೊಡರಿತ್ತು, ಅಷ್ಟೆ.

ತಮ್ಮ ಫೋನಿನಲ್ಲಿ ಅತ್ತೇಬಿಟ್ಟ. “ಅಕ್ಕಾ, ಎಲ್ಲಾ ರೆಕಾರ್ಡ್ ಆಗ್ಯದ. ಆಫೀಸಿನಾಗ ನನಗ ಕೂಡಿಸಿ ಕೇಳಿಸಿದ್ರು. ಇಂಥಾ ಮಕ್ಕಳಿಗಿ ಯಾವ ಕಂಪನಿ ಕೊಡ್ತದ?”

ಆ ಸಂಜೆ ಮಾತಿಗೆ ಮಾತು ಬೆಳೆಯಿತು. “ನನ್ನ ಬಾಯಿ ಕೆಟ್ಟದ್ದು ಅಂದ್ರ ಬಾಯಿ ತಗೊಂಡ ಹೋಗ್ತೇನಿ,” ಎಂದು ಅತ್ತೆ ಬೆಳಗಿನ ಬಸ್ಸಿಗೆ ಜೇವರ್ಗಿಯ ಮಗಳ ಮನೆಗೆ ಹೊರಟುಹೋದರು. ಮನೆ ಶಾಂತವಾಯಿತು. ನನ್ನ ಹೆದರಿಕೆ ಮಾತ್ರ ಇನ್ನೂ ಜೋರಾಯಿತು, ಅದಕ್ಕೆ ಎದುರು ಮಾತಾಡಲು ಅತ್ತೆಯೂ ಇರಲಿಲ್ಲ. ಎರಡನೇ ಸಲ ಏನಾದರೂ ಆದರೆ ಎಂಬ ಯೋಚನೆಗೆ ಬಿಡ್ತು ಅನ್ನಿಸುವವರೂ ಇಲ್ಲವಾಗಿತ್ತು.

ಆಳಂದದ ಡಾಕ್ಟರು ಇಬ್ಬರು ಮಕ್ಕಳನ್ನೂ ತಪಾಸಣೆ ಮಾಡಿ ಏನೂ ತೊಂದರೆ ಇಲ್ಲ ಎಂದು ಬರೆದುಕೊಟ್ಟರು. ತಮ್ಮ ಮೇಲಿನವರ ಕಾಲು ಹಿಡಿದ. ಕಡೆಗೆ ಕಂಪನಿ ಇನ್ನೊಮ್ಮೆ ಫೋನ್ ಮಾಡಲು ಒಪ್ಪಿತು. ಆದರೆ ಮೊದಲು ಹೇಳಿದ ಅಜ್ಜಿಯ ಬಾಯಿಂದಲೇ ಸ್ಪಷ್ಟನೆ ಬರಬೇಕಂತೆ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ಮಕ್ಕಳನ್ನು ಕಟ್ಟಿಕೊಂಡು ನಾನೂ ಗಂಡನೂ ಜೇವರ್ಗಿ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಶೇಂಗಾ ಮಾರುವವರು ನಮ್ಮ ಸೀಟಿನ ಹತ್ತಿರ ಬಾರದಂತೆ ನಾನು ಕಾವಲಿದ್ದೆ.

ಅತ್ತೆ ಮೊಮ್ಮಕ್ಕಳನ್ನು ತಬ್ಬಿಕೊಂಡರು. ನಮ್ಮನ್ನು ನೋಡದೆ ನೀರು ಕೊಟ್ಟರು. ನಾನು ವಿಷಯ ಹೇಳಿದೆ. ಅವರು ಮೊಮ್ಮಗಳ ಜಡೆಯನ್ನು ಬಿಚ್ಚಿ ಮತ್ತೆ ಹೆಣೆದರು.

“ಬ್ಯಾರೆ ಏನ್ ಬೇಕಾದ್ರೂ ಹೇಳಸು. ಅದೊಂದ ಮಾತು ನನ್ನ ಬಾಯಿಲೆ ಹೇಳಸಬ್ಯಾಡ.”

“ಯಾಕವ್ವಾ?” ಗಂಡ ಕೇಳಿದರು.

“ಒಮ್ಮೆ ಹೇಳೇನಪಾ. ತೊಗರಿ ಹೋದ ಹಿಂದಿನ ದಿನ. ಬಳಿಗಾರತಿ ಬಂದಿದ್ಲು, ಕೂಸಿನ ಕೈ ಹಿಡದು ಎಷ್ಟ ದುಂಡಗ ಅದ ಅಂದ್ಲು. ನನಗ ಹ್ಯಾಂಗ ಬಾಯಿ ಜಾರಿತೋ, ಹೌದವ್ವಾ, ನನ್ನ ಮೊಮ್ಮಗಳು ಬೆಣ್ಣಿ ಮುದ್ದಿ ಅಂದೆ. ಥೂ ಅನ್ನೂದೂ ಮರತೆ. ಮರುದಿನ...” ಅವರು ಜಡೆಯ ತುದಿಗೆ ಗಂಟು ಹಾಕಿದರು. “ಮ್ಯಾಲ ನಶ್ಯದ ಡಬ್ಬಿನೂ ನನ್ನದ.”

ನಾನು ಇಷ್ಟು ದಿನ ನಮ್ಮ ಮನೆಯಲ್ಲಿ ನಿದ್ದೆ ಬಿಟ್ಟವರು ಇಬ್ಬರೇ ಅಂದುಕೊಂಡಿದ್ದೆ. ಆಗ ಗಮನಿಸಿದೆ, ಅತ್ತೆಯ ಸೊಂಟದಲ್ಲಿ ನಶ್ಯದ ಸಂಚಿ ಇರಲಿಲ್ಲ.

ಯಾವ ವಿಜ್ಞಾನವೂ ನನ್ನ ಬಾಯಿಗೆ ಬರಲಿಲ್ಲ. ಬಂದದ್ದು ಇಷ್ಟೇ: “ಅತ್ತಿ, ಆ ದಿನ ಥೂ ಅಂದಿರಲಿಲ್ಲ. ಇವತ್ತ ಆರಾಮ ಅವ ಅಂತ ಹೇಳಿ, ಮ್ಯಾಲ ಥೂ ಅನ್ರಿ. ನಾವೂ ಎಲ್ಲಾರೂ ಅಂತೀವಿ.”

ಫೋನ್ ಬಂತು. ಗಂಡ ಸ್ಪೀಕರಿಗೆ ಹಾಕಿದರು. ಅದೇ ಹುಡುಗಿ.

“ನಮಸ್ಕಾರ ಅಮ್ಮ, ಈ ಕರೆ ರೆಕಾರ್ಡ್ ಆಗುತ್ತದೆ. ಮಕ್ಕಳು ಈಗ ಆರೋಗ್ಯವಾಗಿದ್ದಾರಾ?”

ಅತ್ತೆ ಒಂದು ಕೈಯಿಂದ ಮೊಮ್ಮಗಳ ಮೂಗನ್ನೇ ಮುಚ್ಚಿ ಹಿಡಿದಿದ್ದರು. ಕಣ್ಣು ಮುಚ್ಚಿದರು.

“ಆರಾಮ ಅವ,” ಅಂದರು, ಕಳ್ಳತನ ಒಪ್ಪಿಕೊಳ್ಳುವವರ ದನಿಯಲ್ಲಿ.

“ಸ್ವಲ್ಪ ಜೋರಾಗಿ ಹೇಳ್ತೀರಾ ಅಮ್ಮ?”

“ಆರಾಮ ಅವ ಅಂದೆನಲ್ಲವ್ವಾ! ಹುಡುಗ ರೊಟ್ಟಿ ಎಣಿಸದ ತಿಂತಾನ. ಹುಡುಗಿ ನೆಲದ ಮ್ಯಾಲ ನಿಲ್ಲಂಗಿಲ್ಲ. ಆವತ್ತ ನಾ ಹೇಳಿದ್ದೆಲ್ಲ ಸುಳ್ಳು. ಥೂ, ಥೂ, ಥೂ!”

ನಾವೂ ಅಂದೆವು. ಮಕ್ಕಳು ಅತಿ ಸಂತೋಷದಿಂದ ಅಂದರು.

“ಅಮ್ಮ? ಅಲ್ಲಿ ಏನಾಗ್ತಿದೆ?”

“ದೃಷ್ಟಿ ತೆಗದೇವಿ. ಕೇಳಿದಾಕಿ ನೀ, ನೀನೂ ಅನ್ನಬೇಕು. ಇಲ್ಲಂದ್ರ ನಿನ್ನ ಕಣ್ಣು ಹತ್ತತದ.”

ಆ ಕಡೆ ಕೀಲಿಮಣೆಯ ಟಕಟಕ ನಿಂತಿತು. ಆ ಹುಡುಗಿಗೂ ಮೇಲಿನವರು ಇರುತ್ತಾರೆ. ಆಮೇಲೆ ತಗ್ಗಿದ ದನಿಯಲ್ಲಿ, ಬಹಳ ಮರ್ಯಾದೆಯಿಂದ ಕೇಳಿಸಿತು: “ಥೂ... ಥೂ... ಥೂ... ಅಮ್ಮ. ಧನ್ಯವಾದಗಳು.”

ವಿಮೆ ಒಪ್ಪಿಗೆಯಾಗಿ ಕೈಗೆ ಬಂದದ್ದು ಆಮೇಲೆ. ಬಂದರೂ ಮೊದಲ ಕೆಲವು ವಾರ ಕಾಯಿಲೆಗೆ ಲಾಗೂ ಇಲ್ಲ ಎಂದು ತಮ್ಮ ಆಗ ಹೇಳಿದ. ಅತ್ತೆ ಅವನಿಂದ ಅದಕ್ಕೂ ಬಿಡ್ತು ಅನ್ನಿಸಿದರು.

ನಾವು ನಿದ್ದೆ ಮಾಡಿದ್ದು ಮಾತ್ರ ಅದಕ್ಕೆಲ್ಲ ಕಾಯಲಿಲ್ಲ. ಮರುದಿನ, ಭಾನುವಾರ, ಜೇವರ್ಗಿಯ ಆ ಮನೆಯಲ್ಲಿ ನಾನು ಕಣ್ಣು ಬಿಟ್ಟಾಗ ಬಿಸಿಲು ಹೊಸ್ತಿಲು ದಾಟಿ ನನ್ನ ಕಾಲಿನ ಮೇಲೆ ಬಂದಿತ್ತು. ಮಗಳ ಮೂಗಿನ ಕೆಳಗೆ ಬೆರಳಿಡಲು ಕೈ ಚಾಚಿದೆ. ಹಾಸಿಗೆ ಖಾಲಿ. ಧಡಕ್ಕನೆ ಎದ್ದು ಕೂತೆ. ಅಷ್ಟರಲ್ಲಿ ಅಂಗಳದಿಂದ ಅವಳ ನಗು ಕೇಳಿಸಿತು. ಪಕ್ಕದಲ್ಲಿ ಗಂಡ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಹೊರಗೆ ಪಕ್ಕದ ಮನೆಯಾಕೆ ಅತ್ತೆಯನ್ನು ಕೇಳುತ್ತಿದ್ದಳು.

“ಮಗ, ಸೊಸಿ ಬಂದಾರಂತಲ್ಲ. ಚಲೋ ನಿದ್ದಿ ಮಾಡಿದ್ರೇನ್ರಿ?”

“ಎಲ್ಲಿ ನಿದ್ದಿ ಯವ್ವಾ,” ಅಂದರು ಅತ್ತೆ. “ರಾತ್ರಿ ಎಲ್ಲಾ ಒಂದ ರೆಪ್ಪಿ ಕೂಡಿಸಿಲ್ಲ, ಇಬ್ಬರೂ.”